ಸರಪಳಿಯ ಆ ತುದಿಗೆ ಗೌರಮ್ಮ

ತುಕ್ಕು ಹಿಡಿದ ಕಬ್ಬಿಣ ಮುಟ್ಟಿದ ಮೇಲೆ ಅಂಗೈಯನ್ನು ಮೂಸಿ ನೋಡಿದ್ದೀರಾ? ಸೋಪು ಹಾಕಿ ತಿಕ್ಕಿದರೂ ಆ ವಾಸನೆ ಹೋಗುವುದಿಲ್ಲ. ನಾನು ದಿನಾ ಬೆಳಿಗ್ಗೆ ಮೂಸುತ್ತೇನೆ, ಆಸೆಪಟ್ಟೇನೂ ಅಲ್ಲ. ನಮ್ಮ ಹಿತ್ತಲಿನ ಗೇಟಿಗೆ ಬೀಗವಿಲ್ಲ. ಒಂದು ಹಳೆಯ ಸರಪಳಿಯನ್ನು ಏಳು ಸುತ್ತು ಸುತ್ತಿಟ್ಟಿದ್ದೇನೆ. ಅದನ್ನು ಬಿಚ್ಚದೆ ಹಸುವನ್ನು ಆಚೆಗೆ ಹೊಡೆಯುವ ಹಾಗಿಲ್ಲ. ಹಸು ಹೋದಮೇಲೆ ಮೂಗು ಒರೆಸಿಕೊಳ್ಳುತ್ತೇನೆ, ವಾಸನೆ ಬರುತ್ತದೆ, ಅದರ ಹಿಂದೆಯೇ ಗೌರಮ್ಮನ ನೆನಪು ಬರುತ್ತದೆ. ಗೌರಮ್ಮ ಸತ್ತಿದ್ದಾಳೆ ಅಂದುಕೊಳ್ಳಬೇಡಿ. ನನ್ನ ಹೊಲದ ಪಕ್ಕದ ಹೊಲದಲ್ಲೇ ಗಟ್ಟಿಮುಟ್ಟಾಗಿದ್ದಾಳೆ. ನನಗಿಂತ ನಾಲ್ಕು ಹಲ್ಲು ಜಾಸ್ತಿಯೇ ಉಳಿಸಿಕೊಂಡಿದ್ದಾಳೆ.

ಈ ಸರಪಳಿ ನಾಯಿ ಕಟ್ಟುವುದಲ್ಲ, ಭೂಮಿ ಅಳೆಯುವುದು. ನಮ್ಮೆಜಮಾನರು ಸರ್ವೆ ಇಲಾಖೆಯಲ್ಲಿ ಬಾಂದು ಜವಾನರಾಗಿದ್ದರು. ಅಂದರೆ ಸರ್ವೆಯರ್ ಹಿಂದೆ ಸರಪಳಿ ಹೊತ್ತುಕೊಂಡು ಊರೂರು ತಿರುಗುವುದು, ಅಳತೆಗೆ ಒಂದು ತುದಿ ಹಿಡಿಯುವುದು, ಗಡಿಕಲ್ಲು ನೆಡಿಸುವುದು. ಆಮೇಲೆ ಟೇಪು ಬಂತು, ಸರಪಳಿಗಳು ಗುಜರಿಗೆ ಹೋದವು. ತೂತು ಬಿದ್ದ ತಾಮ್ರದ ಹಂಡೆಯೊಂದನ್ನು ಗುಜರಿಯವನಿಗೆ ಕೊಟ್ಟು ನಾನು ಇದನ್ನು ಬಿಡಿಸಿಕೊಂಡು ಬಂದೆ.

"ಹುಚ್ಚೇನೇ ನಿಂಗೆ? ತಾಮ್ರ ಕೊಟ್ಟು ಯಾರಾದ್ರೂ ಕಬ್ಣ ತರ್ತಾರಾ?" ಅಂತ ನಮ್ಮೆಜಮಾನರು ಬೈದರು.

"ಗೇಟಿಗೆ ಬೇಕಾಗಿತ್ತು" ಅಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಯಾಕೆ ತಂದೆ ಅಂತ ಅವರಿಗೆ ಗೊತ್ತಿತ್ತು. ನಿಮಗೂ ಹೇಳುತ್ತೇನೆ, ಆದರೆ ಮೊದಲು ಸರಪಳಿಯ ಕಥೆ ಕೇಳಬೇಕು. ಇಲ್ಲದಿದ್ದರೆ ನನ್ನ ತಪ್ಪು ಎಷ್ಟು ದೊಡ್ಡದು ಅಂತ ನಿಮಗೆ ತಿಳಿಯುವುದಿಲ್ಲ.

ಸರಪಳಿ ಮೂವತ್ಮೂರು ಅಡಿ ಉದ್ದ. ಅದರಲ್ಲಿ ಹದಿನಾರು ಆಣೆ. ಒಂದೊಂದು ಆಣೆಗೂ ಒಂದು ಉದ್ದನೆಯ ಕೊಂಡಿ, ಕೊಂಡಿಗೂ ಕೊಂಡಿಗೂ ನಡುವೆ ಸಣ್ಣ ಉಂಗುರಗಳು, ಎಣಿಸಲು ಅಲ್ಲಲ್ಲಿ ಹಿತ್ತಾಳೆಯ ಬಿಲ್ಲೆ, ಎರಡು ತುದಿಗೂ ಹಿಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ನೆಲವಿದ್ದರೆ ಅದು ಒಂದು ಗುಂಟೆ. ನಲವತ್ತು ಗುಂಟೆಗೆ ಎಕರೆ. ನಾನು ಓದಿದ್ದು ಮೂರನೇ ಕ್ಲಾಸು. ಅದರಲ್ಲೂ ಅರ್ಧ ದಿನ ಮೇಷ್ಟರ ಎಮ್ಮೆ ಮೇಯಿಸಿದ್ದೇ. ಆದರೂ ಈ ಲೆಕ್ಕ ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ನಮ್ಮೆಜಮಾನರಿಗೆ ದೇವರ ಪೂಜೆ ತಪ್ಪಿದರೂ ನಡೆಯುತ್ತಿತ್ತು, ಸರಪಳಿಯ ಪರೀಕ್ಷೆ ತಪ್ಪುವ ಹಾಗಿರಲಿಲ್ಲ. ನಮ್ಮ ಅಂಗಳದಲ್ಲಿ ಸರಿಯಾಗಿ ಮೂವತ್ಮೂರು ಅಡಿ ದೂರಕ್ಕೆ ಎರಡು ಕಲ್ಲು ಹೂತು, ಎರಡರ ನೆತ್ತಿಯ ಮೇಲೂ ಉಳಿಯಿಂದ ಗೀಟು ಹೊಡೆಸಿದ್ದರು. ಬೆಳಿಗ್ಗೆ ಎದ್ದು ಒಂದು ಹಿಡಿಯನ್ನು ನನಗೆ ಕೊಟ್ಟು ಆ ಕಲ್ಲಿನ ಹತ್ತಿರ ಕೂರಿಸುತ್ತಿದ್ದರು, ಇನ್ನೊಂದನ್ನು ಹಿಡಿದು ತಾವು ಈ ಕಲ್ಲಿನ ಹತ್ತಿರ. ಹಿಡಿಯ ಅಂಚು ಗೀಟಿಗೆ ಸರಿಯಾಗಿ ಬಂದರೆ ಆವತ್ತಿನ ಕೆಲಸಕ್ಕೆ ಹೊರಡುತ್ತಿದ್ದರು. ಬರದಿದ್ದರೆ ಉಂಗುರಗಳನ್ನು ಒಂದೊಂದಾಗಿ ಬೆರಳಲ್ಲಿ ತಡವಿ, ಜಗ್ಗಿದ್ದನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಗುಂಡಗೆ ಮಾಡುತ್ತಿದ್ದರು. ನಾನು ಎಷ್ಟು ಬೆಳಿಗ್ಗೆ ಹಾಗೆ ಕೂತಿದ್ದೇನೋ. ಒಲೆಯ ಮೇಲೆ ಎಸರು ಉಕ್ಕುತ್ತಿರುತ್ತಿತ್ತು. ಇವರು ಮಾತ್ರ "ಅಲುಗಾಡ್ಬೇಡ, ಅಲುಗಾಡ್ಬೇಡ" ಅಂತ ನನ್ನನ್ನು ಕಲ್ಲಾಗಿಸಿಬಿಡುತ್ತಿದ್ದರು. ಆ ಎರಡು ಕಲ್ಲುಗಳೂ ಇನ್ನೂ ಇವೆ. ಬಂದ ನೆಂಟರೆಲ್ಲ ಎಡವುತ್ತಾರೆ. ಎಡವಲಿ ಬಿಡಿ.

ಅಳೆಯುವುದೂ ಸುಮ್ಮನೆ ಅಲ್ಲ. ದೂರದಲ್ಲಿ ಬಾವುಟದ ಕೋಲು ನೆಟ್ಟು, ಅದಕ್ಕೂ ನಿಂತ ಜಾಗಕ್ಕೂ ನೇರ ಕಟ್ಟಿಕೊಂಡು ನಡೆಯಬೇಕು. ಮುಂದಿನವರ ಕೈಯಲ್ಲಿ ಹತ್ತು ಕಬ್ಬಿಣದ ಕಡ್ಡಿ. ಒಂದು ಸರಪಳಿ ಮುಗಿದ ಕಡೆ ಒಂದು ಕಡ್ಡಿ ನೆಲಕ್ಕೆ ಚುಚ್ಚಿ ಮುಂದೆ ಹೋಗುತ್ತಾರೆ, ಹಿಂದಿನವರು ಅದನ್ನು ಕಿತ್ತುಕೊಂಡು ಬರುತ್ತಾರೆ. ಕೊನೆಗೆ ಹಿಂದಿನವರ ಕೈಯಲ್ಲಿ ಎಷ್ಟು ಕಡ್ಡಿಯೋ ಅಷ್ಟು ಸರಪಳಿ. ಇಳಿಜಾರು ಬಂದರೆ ಇನ್ನೂ ಪೀಕಲಾಟ. ಸರಪಳಿಯನ್ನು ನೆಲದ ಮೇಲೆ ಮಲಗಿಸುವ ಹಾಗಿಲ್ಲ. ಅರ್ಧರ್ಧ ಸರಪಳಿಯಾಗಿ ಅಳೆಯಬೇಕು. ತಗ್ಗಿನಲ್ಲಿರುವವರು ತಮ್ಮ ತುದಿಯನ್ನು ಮಟ್ಟಕ್ಕೆ ಎತ್ತಿ ಹಿಡಿದು, ಅಲ್ಲಿಂದ ದಾರಕ್ಕೆ ಕಟ್ಟಿದ ಗುಂಡು ಇಳಿಬಿಟ್ಟು, ಗುಂಡು ನೆಲ ಮುಟ್ಟಿದ ಕಡೆ ಕಡ್ಡಿ ಚುಚ್ಚಬೇಕು. ಗುಡ್ಡವನ್ನು ಯಾರೂ ಇಳಿಜಾರಿಗೆ ಅಳೆಯುವುದಿಲ್ಲ, ಮಟ್ಟಕ್ಕೆ ಅಳೆಯುತ್ತಾರೆ. ಮಲಗಿಸಿ ಅಳೆದರೆ ಮುಟ್ಟಬೇಕಾದ ಜಾಗ ಮುಟ್ಟದೆ ಹಿಂದೆಯೇ ಉಳಿಯುತ್ತೀರಿ. ಅಷ್ಟು ಸಾಲದು ಅಂತ ಮಧ್ಯಾಹ್ನದ ಬಿಸಿಲಿಗೆ ಕಬ್ಬಿಣ ಒಂಚೂರು ಬೆಳೆಯುತ್ತದೆ ಬೇರೆ. "ಹನ್ನೆರಡು ಗಂಟೆ ಮೇಲಿನ ಅಳತೆ ನಂಬ್ಬೇಡ" ಅನ್ನುತ್ತಿದ್ದರು ನಮ್ಮೆಜಮಾನರು. ಊಟದ ಹೊತ್ತಿಗೆ ಮನೆಗೆ ಬರಲು ಅದೊಂದು ನೆವವೂ ಆಗಿತ್ತು.

ಇನ್ನು ಗೌರಮ್ಮ. ನಾವಿಬ್ಬರೂ ತೂಬಗೆರೆ ಕಡೆಯ ಈ ಊರಿಗೆ ಒಂದೇ ವರ್ಷ ಸೊಸೆಯರಾಗಿ ಬಂದವರು. ಹೊಲಗಳೂ ಅಕ್ಕಪಕ್ಕ. ಗುಡ್ಡದ ಕಡೆಯದು ನನ್ನದು, ಕೆರೆಯ ಕಡೆಯದು ಅವಳದು. ನಡುವಿನ ಬದುವಿಗೆ ಗಡಿಕಲ್ಲೇ ಇರಲಿಲ್ಲ. ವರ್ಷಾ ವರ್ಷಾ ನೇಗಿಲು ಅತ್ತ ಇತ್ತ ಸರಿಯುತ್ತಿತ್ತು, ವರ್ಷಾ ವರ್ಷಾ ನಾವು ಕಿತ್ತಾಡುತ್ತಿದ್ದೆವು. ಕೊನೆಗೆ ಇಬ್ಬರ ಮನೆಯವರೂ ಸೇರಿ ಅಳತೆಗೆ ಅರ್ಜಿ ಹಾಕಿದರು.

ಸರ್ವೆ ಸಾಹೇಬರು ಬಂದ ದಿನವೇ ನಮ್ಮೆಜಮಾನರಿಗೆ ಚಳಿಜ್ವರ. ಜ್ವರವಿಲ್ಲದಿದ್ದರೂ ಸ್ವಂತ ಹೊಲದ ಅಳತೆಗೆ ಅವರು ಸರಪಳಿ ಹಿಡಿಯುವ ಹಾಗಿರಲಿಲ್ಲ ಅನ್ನಿ. ಬೇರೆ ಜವಾನ ಬರಲಿಲ್ಲ. ಸಾಹೇಬರು ಬದುವಿನ ಮೇಲೆ ನಿಂತು ನಮ್ಮಿಬ್ಬರ ಜಗಳವನ್ನು ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ಒಂದು ಹಿಡಿ ನನ್ನ ಕೈಗೆ ಕೊಟ್ಟರು, ಇನ್ನೊಂದು ಗೌರಮ್ಮನ ಕೈಗೆ.

"ನೀವಿಬ್ರೇ ಹಿಡೀರಿ. ಆಮೇಲೆ ಸಾಹೇಬ್ರು ಮೋಸ ಮಾಡಿದ್ರು ಅಂತ ಯಾರೂ ಅನ್ಬಾರ್ದು. ಜಗಳ ಆಡೋರು ಹಿಡಿದ್ರೆ ಸರಪಳಿ ಸಡಿಲ ಬೀಳೋದೇ ಇಲ್ಲ" ಅಂದರು.

ಬುದ್ಧಿವಂತರೇ. ಆದರೆ ಅವರು ಹೆಂಗಸರ ಜಗಳವನ್ನು ದೂರದಿಂದ ನೋಡಿದ್ದರೇ ಹೊರತು ಅದರ ತುದಿ ಹಿಡಿದವರಲ್ಲ.

ಗುಡ್ಡದ ಕಡೆಯ ನನ್ನ ಮೂಲೆಕಲ್ಲಿನಿಂದ ಹೊರಟೆವು. ಕಾಗದದ ಪ್ರಕಾರ ಅಲ್ಲಿಂದ ಹತ್ತು ಸರಪಳಿಗೆ ನನ್ನ ಹೊಲ ಮುಗಿಯಬೇಕು. ಗೌರಮ್ಮ ಕಡ್ಡಿಗಳನ್ನು ಹಿಡಿದು ಮುಂದೆ, ಇಳಿಜಾರಿನಲ್ಲಿ. ನಾನು ಹಿಂದೆ, ಎತ್ತರದಲ್ಲಿ. ಮೊದಲ ಸರಪಳಿಗೇ ಅವಳು ಹಿಂದೆ ತಿರುಗಿ "ಬಿಗಿಯಾಗಿ ಹಿಡಿಯೇ, ರಾಗಿಮುದ್ದೆ ತಿಂದವಳ ಥರ ಹಿಡಿ" ಅಂದಳು. ನನಗೆ ಸಿಟ್ಟು ಬಂತು. ಕಾಲಿನ ಹಿಮ್ಮಡಿಯನ್ನು ಮಣ್ಣಿಗೆ ಊರಿ ಎಳೆದೆ. ಅವಳೂ ಎಳೆದಳು. ನಾನು ಇನ್ನೂ ಎಳೆದೆ. ಸರಪಳಿಯಿಂದ ಟಿಕ್ ಅಂತ ಸಣ್ಣ ಸದ್ದು ಬಂತು. ಸಾಹೇಬರು "ಭಲೇ, ಹೀಗೇ ಇರ್ಲಿ" ಅಂದರು. ಹತ್ತು ಸರಪಳಿಯೂ ಹಾಗೇ ಎಳೆದೆ. ಹತ್ತನೇ ಕಡ್ಡಿ ಚುಚ್ಚಿದ ಕಡೆ ಕಲ್ಲು ನೆಟ್ಟರು. ಸಾಹೇಬರು ಬರೆದುಕೊಂಡು, ಎರಡು ಎಳನೀರು ಕುಡಿದು, ಬಸ್ಸಿಗೆ ಹೋದರು.

ಮಾರನೆಯ ಬೆಳಿಗ್ಗೆ ಜ್ವರ ಬಿಟ್ಟಿತ್ತು, ನಮ್ಮೆಜಮಾನರು ಎಂದಿನಂತೆ ಸರಪಳಿಯನ್ನು ಅಂಗಳದ ಕಲ್ಲುಗಳಿಗೆ ಹಿಡಿದರು. ಹಿಡಿ ಗೀಟನ್ನು ದಾಟಿ ನಾಲ್ಕು ಬೆರಳು ಆಚೆಗೆ ಹೋಯಿತು. ಐದಾರು ಉಂಗುರಗಳು ಜಗ್ಗಿ ಕೋಳಿಮೊಟ್ಟೆಯ ಹಾಗೆ ಉದ್ದವಾಗಿದ್ದವು.

"ಯಾರು ಹಿಂಗೆ ಎಳೆದೋರು?" ಅಂದರು.

"ನಂಗೇನ್ ಗೊತ್ತು?" ಅಂದೆ.

ಅವರು ನನ್ನ ಅಂಗೈ ನೋಡಿದರು. ಬೊಬ್ಬೆ ಎದ್ದಿತ್ತು. "ಸಾಹೇಬ್ರಿಗೆ ಹೇಳ್ಬಿಡು. ಮತ್ತೊಂದ್ಸಲ ಅಳೀತಾರೆ" ಅಂದು, ಸುತ್ತಿಗೆ ತಂದು ಉಂಗುರಗಳನ್ನು ಬಡಿಯುತ್ತಾ ಕೂತರು.

ನಾನು ಹೇಳಲಿಲ್ಲ. ನೀವೇ ಲೆಕ್ಕ ಹಾಕಿ. ಸರಪಳಿ ಉದ್ದವಾಗಿದ್ದರೆ ಹತ್ತು ಅಂತ ಎಣಿಸಿದ್ದು ಹತ್ತಕ್ಕಿಂತ ಜಾಸ್ತಿ ನೆಲ ತಿಂದಿರುತ್ತದೆ. ಹತ್ತು ಸಲ ನಾಲ್ಕು ನಾಲ್ಕು ಬೆರಳು, ಒಟ್ಟು ನಲವತ್ತು ಬೆರಳು. ಗಂಡಸಿನ ಒಂದು ದೊಡ್ಡ ಹೆಜ್ಜೆ. ಅಷ್ಟಗಲದ ನೆಲ ಗಡಿಯುದ್ದಕ್ಕೂ ಗೌರಮ್ಮನಿಂದ ನನ್ನ ಹೊಲಕ್ಕೆ ಬಂದಿತ್ತು. ಹೇಳಿದರೆ ಹೋಗುತ್ತದೆ. ಹೇಳದಿದ್ದರೆ ಇರುತ್ತದೆ. ಇರಲಿ ಅಂದುಕೊಂಡೆ. ಒಳ್ಳೆಯವಳು ಅಂತ ನಾನು ಯಾವತ್ತೂ ಹೇಳಿಕೊಂಡಿಲ್ಲ.

ಆದರೆ ಆ ಕಲ್ಲಿನ ಪಕ್ಕದಲ್ಲೇ, ನನ್ನ ಕಡೆ ಎರಡಡಿ ಒಳಗೆ, ಒಂದು ಹಲಸಿನ ಸಸಿ ಎದ್ದಿತು. ಯಾರೂ ನೆಟ್ಟಿದ್ದಲ್ಲ. ಮೇಕೆ ಬಾಯಿಗೆ ಸಿಗದೆ ಅದು ಬೆಳೆದೇ ಬೆಳೆಯಿತು, ಮರವಾಯಿತು, ಕಾಯಿ ಬಿಟ್ಟಿತು. ಹಣ್ಣು ಕೊಯ್ದಾಗಲೆಲ್ಲ ನನಗೆ ನಲವತ್ತು ಬೆರಳಿನ ಲೆಕ್ಕ ನೆನಪಾಗುತ್ತಿತ್ತು. ಮರ ನಿಜವಾಗಿ ಇರುವುದು ಅವಳ ಮಣ್ಣಿನಲ್ಲಿ. ಹಾಗಾಗಿ ಪ್ರತಿ ವರ್ಷ ಅರ್ಧ ಹಣ್ಣುಗಳನ್ನು ಗೌರಮ್ಮನ ಮನೆಗೆ ಹೊರಿಸಿ ಕಳಿಸುತ್ತಿದ್ದೆ. ಊರವರು "ಜಗಳ ಆಡಿದ್ರೂ ಕೈ ದೊಡ್ಡದು ಆಯಮ್ಮಂದು" ಅನ್ನುತ್ತಿದ್ದರು. ನಾನು ಬೇಡ ಅನ್ನಲಿಲ್ಲ. ಚಳಿಗಾಲದಲ್ಲಿ ಗೌರಮ್ಮ ಒಂದು ಮಂಕರಿ ಅವರೆಕಾಯಿ ಕಳಿಸುತ್ತಿದ್ದಳು. ಹಣ್ಣಿಗೆ ಬದಲು ಅಂತ ನಾನು ತಿಳಿದಿದ್ದೆ. ಸೊಗಡು ಚೆನ್ನಾಗಿರುತ್ತಿತ್ತು. ತಿಂದು, ಜಗಳ ಮುಂದುವರಿಸುತ್ತಿದ್ದೆ. ಹೀಗೇ ಮೂವತ್ತೈದು ವರ್ಷ ಕಳೆಯಿತು. ನಮ್ಮೆಜಮಾನರೂ ಹೋದರು. ಅವರು ಆ ಮಾತನ್ನು ಮತ್ತೊಮ್ಮೆ ಎತ್ತಿರಲಿಲ್ಲ. ಈಗ ತಿಳಿಯಿತಲ್ಲ, ಗುಜರಿಯಿಂದ ಈ ಸರಪಳಿಯನ್ನು ಯಾಕೆ ಬಿಡಿಸಿಕೊಂಡು ಬಂದೆ ಅಂತ? ಅದರ ಉಂಗುರಗಳ ಮೇಲೆ ಸುತ್ತಿಗೆಯ ಏಟಿನ ಗುರುತಿದೆ. ಸಾಕ್ಷಿ ನನ್ನ ಗೇಟಿಗೇ ಕಟ್ಟಿಬಿದ್ದಿರಲಿ ಅಂತ.

ಈ ವರ್ಷ ಬೇಸಿಗೆ ಹತ್ತಿರ ಬರುತ್ತಿದ್ದಂತೆ ಗೌರಮ್ಮನ ಮಗಳು ಹಸುಗಳ ಕೊಟ್ಟಿಗೆ ದೊಡ್ಡದು ಮಾಡಿ, ಗಡಿಗೆ ಸರಿಯಾಗಿ ಗೋಡೆ ಹಾಕಿಸಲು ಹೊರಟಳು. ಗೋಡೆಗೆ ಮುಂಚೆ ಅಳತೆ ಮಾಡಿಸಬೇಕು ಅಂದಳು. ಕಲ್ಲು ಒಂದು ಹೆಜ್ಜೆ ಹಿಂದೆ ಬಂದರೆ ಮರ ಗೋಡೆಯ ದಾರಿಗೆ ಬೀಳುತ್ತದೆ, ಕಡಿಯುತ್ತಾರೆ. ಜೊತೆಗೆ ಬಾಂದು ಜವಾನನ ಹೆಂಡತಿ ಅಳತೆ ಕದ್ದಳು ಅಂತ ಊರೆಲ್ಲ ಆಗುತ್ತದೆ. ಮೊದಲೇ ಹೇಳಿಬಿಡೋಣ ಅಂತ ಒಂದು ಬೆಳಿಗ್ಗೆ ಗೌರಮ್ಮನ ಮನೆಗೆ ಹೋದೆ. ಬಾಯಿ ತೆರೆದೆ. "ಹೆಪ್ಪಿಗೆ ಒಂಚೂರು ಮಜ್ಜಿಗೆ ಇದ್ಯಾ?" ಅಂತ ಬಂತು. ಮಜ್ಜಿಗೆ ತೆಗೆದುಕೊಂಡು ವಾಪಸ್ ಬಂದೆ. ಮನೆಯಲ್ಲಿ ಒಂದು ಚೊಂಬು ಮಜ್ಜಿಗೆ ಆಗಲೇ ಇತ್ತು.

ಅಳತೆಗೆ ಬಂದವಳು ದೊಡ್ಡಬಳ್ಳಾಪುರದ ಹುಡುಗಿ, ನಸ್ರೀನ್ ಅಂತ, ಲೈಸೆನ್ಸ್ ಸರ್ವೆಯರ್. ತಲೆಗೆ ದುಪಟ್ಟಾ, ಕಾಲಿಗೆ ಗಂಡಸರ ಬೂಟು. ಸರಪಳಿ ಇಲ್ಲ, ಕಡ್ಡಿ ಇಲ್ಲ. ಒಂದೇ ಒಂದು ಕೋಲು, ಅದರ ನೆತ್ತಿಯಲ್ಲಿ ಬೋರಲು ಹಾಕಿದ ಬಟ್ಟಲಿನಂಥ ಡಬ್ಬಿ. ರೋವರ್ ಅಂತೆ. ಆಕಾಶದ ಉಪಗ್ರಹಗಳನ್ನು ಕೇಳಿ ನಿಂತ ಜಾಗ ಹೇಳುತ್ತದಂತೆ.

"ಹಂಗಾದ್ರೆ ನಿಂಗೆ ಕೆಲಸ ಏನಮ್ಮ ಇದ್ರಲ್ಲಿ?" ಅಂತ ಕೇಳಿದೆ.

"ನೆಟ್ಟಗೆ ನಿಲ್ಲೋದು ಅಜ್ಜಿ" ಅಂದಳು. ಕೋಲಿನ ನಡುವೆ ಗಾಜಿನ ಬಿಲ್ಲೆಯೊಂದಿತ್ತು, ಅದರೊಳಗೆ ನೀರಿನ ಗುಳ್ಳೆ. "ಈ ಗುಳ್ಳೆ ಸರಿಯಾಗಿ ನಡುವೆ ಇರ್ಬೇಕು. ಕೋಲು ವಾಲಿದ್ರೆ ತಲೆ ಒಂದ್ ಕಡೆ, ಕಾಲು ಒಂದ್ ಕಡೆ. ಮಿಷನ್ ಏನೋ ಹೇಳುತ್ತೆ, ನಾವ್ ನಂಬ್ಕೊಂಡ್ ಹೋಗ್ತೀವಿ."

ಅಲುಗಾಡಬೇಡ ಅನ್ನುವ ಮಾತನ್ನೇ ಇವಳೂ ಹೇಳುತ್ತಿದ್ದಾಳೆ ಅನ್ನಿಸಿ ಹುಡುಗಿ ಹಿಡಿಸಿದಳು. ನನ್ನ ಮೂಲೆಕಲ್ಲಿನ ಮೇಲೆ ಕೋಲು ಊರಿ, ಉಸಿರು ಬಿಗಿಹಿಡಿದು ನಿಂತಳು. ಕೈಯಲ್ಲಿದ್ದ ಫೋನಿನಂಥದ್ದರಲ್ಲಿ ಜಾಗ ಖಾತ್ರಿಯಾಗಿ 'ಫಿಕ್ಸ್' ಅಂತ ಬಂದ ಮೇಲೆಯೇ ಗುಂಡಿ ಒತ್ತಿದಳು. ಎರಡು ಹೆಜ್ಜೆ ದೂರ ಹೋಗಿ, ಬಂದು, ಮತ್ತೆ ಅದೇ ಕಲ್ಲನ್ನು ಹಿಡಿದಳು. ಯಾಕೆ ಅಂದರೆ "ಒಂದ್ಸಲ ಹೇಳಿದ್ದನ್ನ ನಾನು ನಂಬಲ್ಲ, ಅದು ಮಿಷನ್ ಆದ್ರೂ ಅಷ್ಟೇ, ಮನುಷ್ಯ ಆದ್ರೂ ಅಷ್ಟೇ" ಅಂದಳು. ನಾನು ಸೆರಗು ಸರಿಮಾಡಿಕೊಂಡೆ.

ಗಡಿಕಲ್ಲಿನ ಹತ್ತಿರ ಬಂದಾಗ ಮಿಷನ್ನು ಹಟ ಹಿಡಿಯಿತು. ಕಲ್ಲಿನ ಮೇಲೆಲ್ಲ ಹಲಸಿನ ಮರ ಕೊಡೆ ಹಿಡಿದ ಹಾಗೆ ಹಬ್ಬಿದೆ. ಎಲೆಯ ಅಡ್ಡಕ್ಕೆ ಆಕಾಶದ ಮಾತು ಕೆಳಗೆ ಬರುತ್ತಿಲ್ಲ. ನಸ್ರೀನ್ ಬಯಲಿನಲ್ಲಿ ಎರಡು ಗೂಟ ಹೊಡೆದು, ಅವೆರಡನ್ನೂ ರೋವರಿನಲ್ಲಿ ಗುರುತಿಸಿಕೊಂಡಳು. "ಎರಡು ಗೂಟದಿಂದಲೂ ಕಲ್ಲಿಗೆ ಟೇಪು ಹಿಡಿದ್ರೆ ಸಾಕು, ಕಲ್ಲು ಎಲ್ಲಿದೆ ಅಂತ ಸಿಗುತ್ತೆ. ನನ್ ಹೆಲ್ಪರ್ ಇವತ್ತು ಬಂದಿಲ್ಲ. ಯಾರಾದ್ರೂ ಇಬ್ರು ಹಿಡೀತೀರಾ?" ಅಂದಳು.

ಅಲ್ಲಿ ಇದ್ದವರು ನಾವಿಬ್ಬರೇ. ನಾನು ಮೇಲಿನ ಗೂಟಕ್ಕೆ ಹೋದೆ. ಗೌರಮ್ಮ ತಗ್ಗಿನಲ್ಲಿ, ಕಲ್ಲಿನ ಹತ್ತಿರ ನಿಂತಳು. ಟೇಪಿನ ತುದಿ ಸಿಕ್ಕಿದ್ದೇ ಕೈಯನ್ನು ಕಿವಿಯ ತನಕ ಎತ್ತಿದಳು.

"ಅಜ್ಜೀ, ಅಷ್ಟು ಬೇಡ. ಸೊಂಟದ ಮಟ್ಟಕ್ಕೆ ಸಾಕು" ಅಂದಳು ನಸ್ರೀನ್.

"ಇರ್ಲಿ ಬಿಡಮ್ಮ. ಈ ಸಲ ಎತ್ತೇ ಹಿಡೀತೀನಿ."

"ಈ ಸಲ ಅಂದ್ರೆ?" ಅಂದೆ ನಾನು.

"ಈ ಸಲ ಅಂದ್ರೆ ಈ ಸಲ. ನೀನ್ ನಿನ್ ತುದಿ ನೋಡ್ಕೊ. ಯಾಕೆ ಟೇಪು ಜೋತಾಡ್ತಿದೆ? ಹೊಟ್ಟೆಗೆ ಏನೂ ತಿಂದಿಲ್ವಾ?"

"ತಿಂದಿದೀನಿ. ಈ ಸಲ ಎಳೀಬಾರ್ದು ಅಂತ ಮೆತ್ತಗೆ ಹಿಡ್ದಿದೀನಿ."

"ಈ ಸಲ ಅಂದ್ರೆ?" ಅಂದಳು ಗೌರಮ್ಮ.

ನಸ್ರೀನ್ ನಮ್ಮಿಬ್ಬರ ಮುಖ ನೋಡುತ್ತಾ ನಿಂತಳು. ಇನ್ನು ಮುಚ್ಚಿಡುವುದರಲ್ಲಿ ಏನೂ ಇರಲಿಲ್ಲ. ಹೇಗೂ ಇನ್ನು ಕಾಲು ಗಂಟೆಗೆ ಆ ಕೋಲೇ ಹೇಳಿಬಿಡುತ್ತದೆ. "ಆವತ್ತು ಎಳೆದೂ ಎಳೆದೂ ಉಂಗುರ ಜಗ್ಗಿಸಿದ್ದು ನಾನು ಕಣೆ. ಸರಪಳಿ ನಾಲ್ಕು ಬೆರಳು ಬೆಳೆದಿತ್ತು. ಮಾರನೇ ದಿನವೇ ನಂಗೆ ಗೊತ್ತಾಯ್ತು, ಹೇಳ್ಲಿಲ್ಲ. ಈ ಮರ ಇರೋದು ನಿನ್ ಮಣ್ಣಲ್ಲಿ" ಅಂದೆ. ಒಂದೇ ಉಸಿರಿಗೆ ಹೇಳಿದೆ, ಇಲ್ಲದಿದ್ದರೆ ಮತ್ತೆ ಮಜ್ಜಿಗೆಯ ಮಾತು ಬಂದುಬಿಡುತ್ತಿತ್ತು.

ಗೌರಮ್ಮ ಕಲ್ಲಿನ ಮೇಲೆ ಕುಸಿದು ಕೂತು ನಗಲು ಶುರುಮಾಡಿದಳು. "ಅಯ್ಯೋ ನಿನ್ ಮನೆ ಕಾಯ್ವಾಗ! ನಾನು ಕೈನೇ ಎತ್ತಲಿಲ್ವಲ್ಲೇ! ಸಾಹೇಬ್ರು ಪುಸ್ತಕಕ್ಕೆ ತಲೆ ಬಗ್ಸಿದಾಗೆಲ್ಲಾ ಸರಪಳೀನ ನೆಲದ ಮೇಲೇ ಮಲಗ್ಸಿ ಕಡ್ಡಿ ಚುಚ್ತಿದ್ದೆ. ನಿನ್ ಹೊಲ ಕಮ್ಮಿ ಆಗ್ಲಿ ಅಂತ."

"ಥೂ ಕಳ್ಳಿ. ನಿಜವಾಗ್ಲೂ?"

"ಕೈನೂ ನೋಯ್ತಿತ್ತು ಕಣೆ."

"ಸುಳ್ಳು."

"ಅರ್ಧ ಸುಳ್ಳು" ಅಂದಳು. "ಸುಮ್ನೆ ಯಾರಾದ್ರೂ ವರ್ಷಾ ವರ್ಷಾ ಮಂಕರಿ ಅವರೆಕಾಯಿ ಕಳಿಸ್ತಾರೇನೇ?" ಅಂದಳು.

ನಸ್ರೀನ್ ನಮ್ಮನ್ನು ಗದರಿಸಿ ಮತ್ತೆ ನಿಲ್ಲಿಸಿದಳು. ನಾನು ಎಳೆಯಲಿಲ್ಲ, ಅವಳು ಇಳಿಸಲಿಲ್ಲ. ಎರಡು ಗೂಟದಿಂದಲೂ ಎರಡೆರಡು ಸಲ ಓದಿಕೊಂಡಳು, ಆ ಫೋನಿನಂಥದ್ದನ್ನು ಒತ್ತಿದಳು, ಹಳೆಯ ಕಾಗದ ತೆಗೆದು ನೋಡಿದಳು. ನಾನು ಮರವನ್ನು ನೋಡುತ್ತಿದ್ದೆ. ಕಾಯಿಗಳು ಬುಡದಿಂದಲೇ ಜೋತಾಡುತ್ತಿದ್ದವು, ಅವಕ್ಕೇನು ಗೊತ್ತು.

"ಕಲ್ಲು ಇರಬೇಕಾದ ಜಾಗಕ್ಕಿಂತ ಆರು ಸೆಂಟಿಮೀಟರ್ ಗೌರಮ್ಮಜ್ಜಿ ಕಡೆಗೆ ಹೋಗಿದೆ" ಅಂದಳು.

"ಅದೆಷ್ಟು?"

ಅವಳು ತನ್ನ ಕೈ ಎತ್ತಿ ತೋರಿಸಿದಳು. ಮೂರು ಬೆರಳು.

"ನಲವತ್ತು ಬೆರಳು ಅಲ್ವಾ?" ಅಂದೆ.

"ಒಬ್ರು ಜಾಸ್ತಿ ಮಾಡಿದ್ರಿ, ಇನ್ನೊಬ್ರು ಕಮ್ಮಿ ಮಾಡಿದ್ರಿ. ಒಂದನ್ನೊಂದು ಹೊಡ್ಕೊಂಡು ಹೋಯ್ತು. ನಿಮ್ಮಿಬ್ರಲ್ಲಿ ಒಬ್ರು ಯಾರಾದ್ರೂ ನಿಯತ್ತಾಗಿ ಹಿಡಿದಿದ್ರೆ ಕಲ್ಲು ತಪ್ಪೋಗಿರ್ತಿತ್ತು ಅಜ್ಜಿ" ಅಂದು ಕೋಲನ್ನು ಮಡಚಿದಳು. ಮೂರು ಬೆರಳಿಗೆಲ್ಲ ಕಲ್ಲು ಕೀಳುವುದಿಲ್ಲವಂತೆ. ಗೋಡೆ ಕಲ್ಲಿನ ಆಚೆಗೇ ಎದ್ದಿತು. ಮರ ಇದ್ದಲ್ಲೇ ಉಳಿಯಿತು.

ನಿಮಗೆ ಇದು ನಗುವ ವಿಷಯ. ಮೂವತ್ತೈದು ವರ್ಷ ಅರ್ಧ ಮರದ ಹಣ್ಣು ದಂಡಕ್ಕೆ ಕೊಟ್ಟವಳು ನಾನು. ಎರಡು ದಿನ ಹೊಟ್ಟೆ ಉರಿಯಿತು. ಆಮೇಲೆ ಅವಳ ಅವರೆಕಾಯಿ ನೆನಪಾಗಿ ಸ್ವಲ್ಪ ತಣ್ಣಗಾಯಿತು.

ಮೊನ್ನೆ ಮೊದಲ ಹಣ್ಣು ಬಿತ್ತು. ಕೈಗೆ ಎಣ್ಣೆ ಸವರಿಕೊಂಡು ಕೊಯ್ದೆ. ಮೂರು ತೊಳೆ ಎಣಿಸಿ, ಎಲೆಯಲ್ಲಿಟ್ಟು, ಗೌರಮ್ಮನ ಮನೆಗೆ ನಾನೇ ನಡೆದೆ.

"ಇದೇನೇ, ಕಾಗೆಗೆ ಇಟ್ಟ ಹಾಗೆ?" ಅಂದಳು.

"ಮೂರು ಬೆರಳಿಗೆ ಮೂರು. ನಿಂಗೆ ಸೇರಬೇಕಾದ್ದು ಇಷ್ಟೇ."

ಅವಳು ನಿಂತಲ್ಲೇ ಮೂರನ್ನೂ ತಿಂದು, ಮೂರು ಬೀಜವನ್ನು ನನ್ನ ಅಂ​ಗೈಗೆ ಹಾಕಿದಳು. "ಬೀಜ ನಿಂದೇ, ತಗೊ. ಮಿಕ್ಕ ಹಣ್ಣೆಲ್ಲಿ?"

"ಮನೇಲಿದೆ."

"ಯಾರು ತಿಂತಾರೆ ಅಷ್ಟನ್ನ? ನಿಂಗೆ ಹಲ್ಲಿಲ್ಲ" ಅಂದು ಚಪ್ಪಲಿ ಮೆಟ್ಟಿಕೊಂಡು ನನಗಿಂತ ಮುಂದೆ ಹೊರಟಳು. ನಮ್ಮ ಹಿತ್ತಲಿನ ಗೇಟಿನ ಹತ್ತಿರ ಇಬ್ಬರೂ ನಿಂತೆವು. ಏಳು ಸುತ್ತು ಬಿಚ್ಚಬೇಕು. ಅವಳು ಒಂದು ಹಿಡಿ ಹಿಡಿದಳು, ನಾನು ಇನ್ನೊಂದು.

"ಎಳೀಬೇಡ ಕಣೇ" ಅಂದಳು.

"ನೀನ್ ಎತ್ತಿ ಹಿಡಿ ಮೊದ್ಲು" ಅಂದೆ.

ಈಗ ಅಂಗೈ ಮೂಸಿದರೆ ತುಕ್ಕಿನ ಜೊತೆ ಹಲಸಿನ ವಾಸನೆಯೂ ಬರುತ್ತದೆ. ಸೋಪು ಹಾಕಲು ಹೋಗಲಿಲ್ಲ.